ಶುಭ ಶುಕ್ರವಾರದ ಮೌನ ಮೆರವಣಿಗೆ: ಸಾಲು, ನಡಿಗೆ, ಹೆಗಲು, ಸದ್ದು

ಪ್ರಶ್ನೆ: ನಮ್ಮ ಧರ್ಮಕೇಂದ್ರದಲ್ಲಿ ಶುಭ ಶುಕ್ರವಾರ ಸಂಜೆ ಮೃತ ಯೇಸುಸ್ವಾಮಿಯ ಸ್ವರೂಪವನ್ನೂ (ಪ್ರತಿಮೆಯನ್ನೂ) ವ್ಯಾಕುಲ ಮಾತೆಯ ಸ್ವರೂಪವನ್ನೂ ಹೊತ್ತು ಊರಿನ ಬೀದಿಯಲ್ಲಿ ಮೆರವಣಿಗೆ ಮಾಡುತ್ತೇವೆ. ಸುಮಾರು ಐನೂರು ಜನ ಸೇರುತ್ತಾರೆ. ವರ್ಷದಿಂದ ವರ್ಷಕ್ಕೆ ಮಾತು, ಮೊಬೈಲು, ಮೈಕಿನ ಗದ್ದಲ ಹೆಚ್ಚಾಗಿದೆ. ಮುಂದಿನ ಸಲ ಮೌನದಲ್ಲಿ, ಪ್ರಾರ್ಥನೆಯಲ್ಲಿ ನಡೆಯಲಿ ಎಂದು ಗುರುಗಳು ಹೇಳಿದ್ದಾರೆ. ಜನರನ್ನು ಸುಮ್ಮನಿರಿಸುವುದು ಹೇಗೆ? ಬ್ಯಾಂಡ್ ಇರಬಹುದೇ? ದಾರಿ ಎಷ್ಟು ಉದ್ದ ಇಟ್ಟುಕೊಳ್ಳಬೇಕು?

ಉತ್ತರ: "ದಯವಿಟ್ಟು ಮೌನವಾಗಿರಿ" ಎಂದು ಮೈಕಿನಲ್ಲಿ ಮತ್ತೆ ಮತ್ತೆ ಹೇಳುವುದನ್ನು ಮೊದಲು ಬಿಡಿ. ಆ ಪ್ರಕಟಣೆಯೇ ಮೆರವಣಿಗೆಯ ದೊಡ್ಡ ಸದ್ದಾಗಿಬಿಡುತ್ತದೆ. ಮಾತಾಡುವವರಿಗೆ ಭಕ್ತಿ ಇಲ್ಲವೆಂದು ಬೇಸರಪಡಬೇಡಿ. ಗುಂಪಾಗಿ ನಡೆಯುವಾಗ ಪಕ್ಕದಲ್ಲಿ ಪರಿಚಯದವರೇ ಇರುತ್ತಾರೆ. ಮುಂದೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ. ಯಾಕೆ ನಿಂತೆವು, ಯಾವಾಗ ಹೊರಡುತ್ತೇವೆ ಎಂಬುದು ಗೊತ್ತಾಗುವುದಿಲ್ಲ. ಹೇಳುವ ಪ್ರಾರ್ಥನೆ ಹಿಂದಿನವರಿಗೆ ಒಡೆದೊಡೆದು ಕೇಳಿಸುತ್ತದೆ. ಇಷ್ಟಾದ ಮೇಲೆ ಯಾರಾದರೂ ಮಾತಿಗೆ ತೊಡಗುತ್ತಾರೆ. ಮೌನವನ್ನು ಆ ಸಂಜೆ ಜನರಿಂದ ಕೇಳಿ ಪಡೆಯಲಾಗುವುದಿಲ್ಲ. ಸಾಲು, ವೇಗ, ಹೊರುವವರು, ಸಂಜ್ಞೆ ಇವನ್ನೆಲ್ಲ ಮೊದಲೇ ಹೊಂದಿಸಿಟ್ಟರೆ ಜನ ತಾವಾಗಿಯೇ ಮೌನಕ್ಕೆ ಇಳಿಯುತ್ತಾರೆ.

ಮೆರವಣಿಗೆಗೆ ಆ ದಿನದಲ್ಲಿರುವ ಜಾಗ ಯಾವುದೆಂದು ನಿಮ್ಮ ಪಾಲನಾ ಸಮಿತಿಗೆ ಸ್ಪಷ್ಟವಿರಬೇಕು. ಶುಭ ಶುಕ್ರವಾರ ಬಲಿಪೂಜೆ (ಮಾಸ್) ಇಲ್ಲ. ದಿನದ ಕೇಂದ್ರವೆಂದರೆ ಮಧ್ಯಾಹ್ನ ಮೂರರ ಸುಮಾರಿಗೆ ನಡೆಯುವ ಪ್ರಭುವಿನ ಪಾಡುಗಳ (ಯಾತನೆಗಳ) ಆಚರಣೆ: ದೈವವಾಕ್ಯ, ಶಿಲುಬೆಯ ಆರಾಧನೆ, ಪರಮಪ್ರಸಾದ. ಪವಿತ್ರ ವಾರದ ಆಚರಣೆಗಳ ಬಗ್ಗೆ 1988ರಲ್ಲಿ ರೋಮ್‌ನಿಂದ ಬಂದ ಸುತ್ತೋಲೆಯು ಶಿಲುಬೆ ಹಾದಿ (ಯೇಸುವಿನ ಪಾಡುಗಳನ್ನು ಹದಿನಾಲ್ಕು ಸ್ಥಳಗಳಲ್ಲಿ ಧ್ಯಾನಿಸುವ ಪ್ರಾರ್ಥನೆ), ಪಾಡುಗಳ ಮೆರವಣಿಗೆ, ಮಾತೆಯ ವ್ಯಾಕುಲಗಳ ಸ್ಮರಣೆ ಇವುಗಳನ್ನು ಕಡೆಗಣಿಸಬಾರದು ಎನ್ನುತ್ತದೆ. ಆದರೆ ಪಾಡುಗಳ ಆಚರಣೆಯೇ ಮೇಲು ಎಂಬುದು ಕಾಣುವಂತೆ ಇವುಗಳ ಸಮಯ ಇರಬೇಕು ಎಂದೂ ಹೇಳುತ್ತದೆ. ಜನಪದ ಭಕ್ತಿಯ ಕುರಿತ 2001ರ ನಿರ್ದೇಶನ ಗ್ರಂಥವು ಮೆರವಣಿಗೆಯನ್ನೂ ಆಚರಣೆಯನ್ನೂ ಬೆರೆಸಿ ಒಂದೇ ಮಾಡಬಾರದೆಂದು ಎಚ್ಚರಿಸುತ್ತದೆ. ಹಾಗಾಗಿ ಪರಮಪ್ರಸಾದ ಮುಗಿದ ಕೂಡಲೇ ಸ್ವರೂಪಗಳನ್ನು ಎತ್ತಿಕೊಂಡು ಹೊರಡುವ ರೂಢಿ ನಿಮ್ಮಲ್ಲಿದ್ದರೆ ಅದನ್ನು ನಿಲ್ಲಿಸಿ. ನಡುವೆ ಒಂದು ಗಂಟೆಯಾದರೂ ಬಿಡುವು ಇರಲಿ. ಆರಾಧನೆಗೆ ಬಳಸಿದ ಶಿಲುಬೆ ಬರಿದಾದ ಪೀಠದ ಬಳಿ ದೀಪಗಳ ನಡುವೆ ಇರಬೇಕಾದದ್ದು. ಅದನ್ನು ಬೀದಿಗೆ ಒಯ್ಯಬೇಡಿ. ಮೆರವಣಿಗೆಗೆ ಬೇರೆ ಶಿಲುಬೆ ಇಟ್ಟುಕೊಳ್ಳಿ.

ನಮ್ಮ ಕಡೆ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಸೂರ್ಯ ಮುಳುಗುವುದು ಆರೂವರೆಯ ಆಚೀಚೆ. ಮೂರಕ್ಕೆ ಶುರುವಾದ ಆಚರಣೆ ಐದಕ್ಕೆ ಮುಗಿದರೆ, ಆರೂಕಾಲಿಗೆ ಸಾಲು ಕಟ್ಟಿಸಿ ಆರೂವರೆಗೆ ಹೊರಡುವುದು ಅನುಕೂಲ. ಬಿಸಿಲು ಇಳಿದಿರುತ್ತದೆ, ಮೇಣದಬತ್ತಿಯ ಬೆಳಕೂ ಕಾಣುತ್ತದೆ. ಪಾಸ್ಖ (ಈಸ್ಟರ್) ಹಬ್ಬ ಹುಣ್ಣಿಮೆಯ ಬಳಿಕದ ಭಾನುವಾರ ಬರುವುದರಿಂದ ಆ ಸಂಜೆ ಬೆಳದಿಂಗಳು ಇದ್ದೇ ಇರುತ್ತದೆ ಎಂದು ಹಲವರು ಲೆಕ್ಕ ಹಾಕುತ್ತಾರೆ. ಅದನ್ನು ನಂಬಿ ಬೀದಿದೀಪ ಆರಿಸಬೇಡಿ. 2027ರಲ್ಲಿ ಶುಭ ಶುಕ್ರವಾರ ಮಾರ್ಚ್ 26ಕ್ಕೆ ಬರುತ್ತದೆ, ಹುಣ್ಣಿಮೆ ನಾಲ್ಕು ದಿನ ಮೊದಲೇ ಮುಗಿದಿರುತ್ತದೆ. ಅಂದು ಚಂದ್ರ ಮೇಲೇರುವಾಗ ಗಂಟೆ ಒಂಬತ್ತು ದಾಟಿರುತ್ತದೆ.

ಇನ್ನು ಸಾಲಿನ ವಿಷಯ. ನಾನು ಹೇಳುವುದರಲ್ಲಿ ಒಂದನ್ನೇ ಮಾಡಲು ನಿಮಗೆ ಸಾಧ್ಯವಾದರೂ ಇದನ್ನು ಮಾಡಿ. ರಸ್ತೆಯ ಎರಡೂ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು, ನಡುವೆ ಖಾಲಿ ಜಾಗ. ಮೂರು ನಾಲ್ಕು ಜನ ಒಟ್ಟಿಗೆ ನಡೆದರೆ ತಲೆ ತಿರುಗಿಸಿದರೆ ಸಾಕು, ಮಾತು ಶುರು. ಒಂಟಿ ಸಾಲಿನಲ್ಲಿ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ, ಮಾತಾಡಬೇಕಾದರೆ ದನಿ ಏರಿಸಬೇಕು, ಏರಿಸಿದರೆ ಎಲ್ಲರಿಗೂ ಕೇಳುತ್ತದೆ. ಸ್ಪೇನಿನ ಸೆವಿಲ್ಲೆ ನಗರದಲ್ಲಿ ಪವಿತ್ರ ವಾರದ ಭ್ರಾತೃಸಂಘಗಳು ಹೀಗೇ ಎರಡು ಸಾಲಿನಲ್ಲಿ ದೀಪ ಹಿಡಿದು ನಡೆಯುತ್ತವೆ. ಅವುಗಳಲ್ಲೊಂದಕ್ಕೆ ಜನ ಇಟ್ಟ ಹೆಸರೇ 'ಎಲ್ ಸಿಲೆನ್ಸಿಯೊ', ಮೌನ. ತನ್ನ ಹುಟ್ಟು 1340ರದ್ದೆಂದು ಹೇಳಿಕೊಳ್ಳುವ ಈ ಸಂಘ ಶುಭ ಶುಕ್ರವಾರದ ನಡುರಾತ್ರಿ ಕಳೆದ ಮೇಲೆ ಸಂತ ಅಂತೋಣಿ ಮಠಾಧೀಶರ ದೇವಾಲಯದಿಂದ ಹೊರಡುತ್ತದೆ. ಸದಸ್ಯರು ಕಪ್ಪು ನಿಲುವಂಗಿ ತೊಟ್ಟು ಮುಖ ಮುಚ್ಚಿಕೊಂಡಿರುತ್ತಾರೆ. ಪ್ರಾಯಶ್ಚಿತ್ತ ಮಾಡುವವನ ಗುರುತು ಯಾರಿಗೂ ಸಿಗಬಾರದು ಎಂಬುದು ಆ ಮುಸುಕಿನ ಅರ್ಥ. ನಮಗೆ ಮುಸುಕು ಬೇಡ, ಸಾಲನ್ನು ಮಾತ್ರ ತೆಗೆದುಕೊಂಡರೆ ಸಾಕು.

ಲೆಕ್ಕ ಹೀಗೆ. ಐನೂರು ಜನ, ಎರಡು ಸಾಲು, ಒಬ್ಬರಿಗೂ ಇನ್ನೊಬ್ಬರಿಗೂ ಒಂದು ಮೀಟರ್. ಮೆರವಣಿಗೆಯ ಉದ್ದ 250 ಮೀಟರ್. ನಾವು ಸಾಮಾನ್ಯವಾಗಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡೆಯುತ್ತೇವೆ. ಹೆಗಲ ಮೇಲೆ ಸ್ವರೂಪ ಹೊತ್ತವರು ನೆಮ್ಮದಿಯಾಗಿ ನಡೆಯುವುದು ಗಂಟೆಗೆ ಒಂದೂವರೆ ಕಿಲೋಮೀಟರ್, ಅಂದರೆ ನಿಮಿಷಕ್ಕೆ 25 ಮೀಟರ್. 1,200 ಮೀಟರ್ ದಾರಿಗೆ 48 ನಿಮಿಷ. ಪ್ರಾರ್ಥನೆಗೆ ನಾಲ್ಕು ಕಡೆ ನಾಲ್ಕು ನಾಲ್ಕು ನಿಮಿಷ ನಿಂತರೆ ಇನ್ನೂ 16. ಮೊದಲಿನವರು ದೇವಾಲಯ ಮುಟ್ಟಿದ ಮೇಲೆ ಕೊನೆಯವರು ಬರಲು 10. ಒಟ್ಟು ಒಂದೂಕಾಲು ಗಂಟೆ. ಇದಕ್ಕಿಂತ ಉದ್ದ ಮಾಡಬೇಡಿ. ಒಂದೂವರೆ ಗಂಟೆ ದಾಟಿದರೆ ಮಕ್ಕಳು, ವಯಸ್ಸಾದವರು ಸಾಲು ಬಿಡುತ್ತಾರೆ, ಬಿಟ್ಟ ಜಾಗ ತುಂಬಲು ಹಿಂದಿನವರು ಓಡುತ್ತಾರೆ, ಅಲ್ಲಿಗೆ ಮೌನ ಮುಗಿಯಿತು. ಸುತ್ತಿ ಬರುವ ದಾರಿಯಾದರೆ ಹೊರಟ ರಸ್ತೆಗೇ ಮತ್ತೆ ಸೇರುವ ಜಾಗವನ್ನು ಗಮನಿಸಿ. 250 ಮೀಟರ್ ಉದ್ದದ ಬಾಲ ಇನ್ನೂ ಅಲ್ಲೇ ಇರುವಾಗ ತಲೆ ಬಂದು ಸೇರಿದರೆ ಬಿಡಿಸುವುದು ಕಷ್ಟ.

ಓಡುವ ತೊಂದರೆಗೆ ಮೂಲ ಯಾವಾಗಲೂ ಮುಂದಿನವರಲ್ಲೇ ಇರುತ್ತದೆ. ಶಿಲುಬೆ ಹಿಡಿದವರು ಹುರುಪಿನಲ್ಲಿ ಹೆಜ್ಜೆ ಹಾಕುತ್ತಾರೆ, ಹಿಂದೆ ಸ್ವರೂಪ ಇಟ್ಟ ಮಂಚ ಹೊತ್ತವರಿಗೆ ಆ ವೇಗ ಸಾಧ್ಯವಿಲ್ಲ, ನಡುವೆ ಬಿರುಕು ಬೀಳುತ್ತದೆ. ಆದ್ದರಿಂದ ಶಿಲುಬೆಯನ್ನು ಗಟ್ಟಿಮುಟ್ಟಾದ ಹುಡುಗನ ಕೈಗೆ ಕೊಡುವ ಬದಲು ನಿಧಾನ ಸ್ವಭಾವದ ಹಿರಿಯರ ಕೈಗೆ ಕೊಡಿ. ಅವರ ಪಕ್ಕದಲ್ಲಿ ಒಬ್ಬರು ಆಗಾಗ ಹಿಂತಿರುಗಿ ಮಂಚ ಎಷ್ಟು ದೂರದಲ್ಲಿದೆ ಎಂದು ನೋಡುತ್ತಿರಲಿ. ಮಂಚವನ್ನು ಮೆರವಣಿಗೆಯ ತುದಿಗೆ ಇಡುವ ರೂಢಿ ಬಹಳ ಕಡೆ ಇದೆ. ನನ್ನ ಪ್ರಕಾರ ನಡುಭಾಗದಲ್ಲಿಡುವುದು ಒಳ್ಳೆಯದು. ಮುಂದೆ ಶಿಲುಬೆ, ಎರಡು ಲಾಂದ್ರ, ಹೆತ್ತವರೊಂದಿಗೆ ಮಕ್ಕಳು, ಅರ್ಧ ಜನ. ನಡುವೆ ಗುರುಗಳು, ಪ್ರಭುವಿನ ಮಂಚ, ಹದಿನೈದು ಇಪ್ಪತ್ತು ಮೀಟರ್ ಬಿಟ್ಟು ವ್ಯಾಕುಲ ಮಾತೆ. ಹಿಂದೆ ಉಳಿದರ್ಧ ಜನ, ಅವರೂ ಸಾಲಿನಲ್ಲೇ. ಸ್ವರೂಪದ ಹಿಂದೆ ಮುಗಿಬೀಳುವ ಗುಂಪಿನಲ್ಲೇ ಗದ್ದಲ ಹುಟ್ಟುವುದು. ಸಾಲಿನ ಕೊನೆಗೆ ಊರಿಗೆಲ್ಲ ಗೊತ್ತಿರುವ ಇಬ್ಬರು ಹಿರಿಯರು ಇದ್ದರೆ ಅಲ್ಲಿಯೂ ಶಿಸ್ತು ಉಳಿಯುತ್ತದೆ.

ಹೊರುವ ಕೆಲಸಕ್ಕೆ ಭಕ್ತಿಯ ಜೊತೆ ಅಳತೆಯೂ ಬೇಕು. ಆಳೆತ್ತರದ ಫೈಬರ್ ಸ್ವರೂಪ ಇಪ್ಪತ್ತು ಕೆಜಿ ಆಸುಪಾಸಿನಲ್ಲಿದ್ದರೆ, ಹಳೆಯ ಮರದ ಸ್ವರೂಪ ಅದರ ಮೂರು ನಾಲ್ಕು ಪಟ್ಟು ತೂಗಬಹುದು. ಮಂಚ, ಹೂವು, ಬಟ್ಟೆ, ಬ್ಯಾಟರಿ ದೀಪ ಸೇರಿ 160 ಕೆಜಿ ಆಯಿತೆನ್ನಿ. ಎಂಟು ಜನ ಹೊತ್ತರೆ ತಲೆಗೆ 20 ಕೆಜಿ. ಒಂದು ಹೆಗಲಿಗೆ ಇದಕ್ಕಿಂತ ಹೆಚ್ಚು ಬೇಡ. ಮಂಚ ಆರೂವರೆ ಅಡಿ ಉದ್ದವಿದ್ದರೆ ಹೊರುವ ಗಳುಗಳು ಹನ್ನೆರಡು ಅಡಿಯಾದರೂ ಇರಬೇಕು. ಆಗ ಮುಂದೆ ಒಂದೊಂದು ಗಳಕ್ಕೆ ಇಬ್ಬರು, ಹಿಂದೆ ಇಬ್ಬರು ಒಬ್ಬರ ಹಿಮ್ಮಡಿ ಇನ್ನೊಬ್ಬರು ತುಳಿಯದಂತೆ ನಿಲ್ಲಬಹುದು. ಎಂಟು ಎಂಟರ ಎರಡು ತಂಡ, ಮೇಲೆ ನಾಲ್ವರು. ಒಟ್ಟು ಇಪ್ಪತ್ತು ಜನ. ಎಂಟು ಹತ್ತು ನಿಮಿಷಕ್ಕೊಮ್ಮೆ, ಅಂದರೆ ಸುಮಾರು 200 ಮೀಟರಿಗೊಮ್ಮೆ ತಂಡ ಬದಲಾಗಲಿ, ಮರಳಿ ಬಂದಾಗ ಹೆಗಲೂ ಬದಲಾಗಲಿ.

ತೂಕಕ್ಕಿಂತ ಹೆಚ್ಚು ಕಾಡುವುದು ಎತ್ತರದ ವ್ಯತ್ಯಾಸ. ಎಂಟು ಜನರಲ್ಲಿ ಒಬ್ಬ ಎರಡಿಂಚು ಕುಳ್ಳಗಿದ್ದರೆ ಗಳ ಅವನ ಹೆಗಲಿಗೆ ತಾಗುವುದೇ ಇಲ್ಲ, ಅವನ ಪಾಲು ಪಕ್ಕದವರ ಮೇಲೆ ಬೀಳುತ್ತದೆ. ಎತ್ತರದವನು ಎಲ್ಲರಿಗಿಂತ ಹೆಚ್ಚು ಹೊತ್ತು ಅರ್ಧ ದಾರಿಗೇ ಸುಸ್ತಾಗುತ್ತಾನೆ. ಸೆವಿಲ್ಲೆಯಲ್ಲಿ ಟನ್ನಿಗೂ ಮೀರಿದ ವೇದಿಕೆಗಳನ್ನು ಮೂವತ್ತು ನಲವತ್ತು ಜನ ಒಳಗೆ ಸೇರಿ ಕತ್ತಿನ ಬುಡದಲ್ಲಿ ಹೊರುತ್ತಾರೆ. ಅಲ್ಲಿ ಅದಕ್ಕೂ ವಾರಗಳ ಮೊದಲೇ ಎಲ್ಲರನ್ನೂ ನಿಲ್ಲಿಸಿ ಹೆಗಲೆತ್ತರ ಅಳೆದು ಸಾಲು ಹೊಂದಿಸುತ್ತಾರೆ. ನೀವೂ ಗೋಡೆಗೆ ನಿಲ್ಲಿಸಿ ಹೆಗಲಿನ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ತಲೆಯ ಎತ್ತರ ಅಳೆದರೆ ತಪ್ಪುತ್ತದೆ, ಕತ್ತು ಎಲ್ಲರದೂ ಒಂದೇ ಉದ್ದ ಇರುವುದಿಲ್ಲ. ಸಮ ಎತ್ತರದವರು ಒಂದು ತಂಡ. ಒಂದಿಂಚಿನ ಕೊರತೆಯನ್ನು ಮಡಚಿದ ಟವೆಲ್ಲಿನಿಂದ ತುಂಬಬಹುದು. ಉಬ್ಬು ರಸ್ತೆ ಇಳಿಯುವಾಗ ತಂಡದಲ್ಲಿ ಸ್ವಲ್ಪ ಎತ್ತರದವರು ಮುಂದಿರಲಿ, ಏರುವಾಗ ಹಿಂದಿರಲಿ.

ತಿರುವುಗಳಲ್ಲಿ ಒಳಬದಿಯವರು ನಿಂತಲ್ಲೇ ಹೆಜ್ಜೆ ಹಾಕಬೇಕು, ಹೊರಬದಿಯವರು ಸುತ್ತಿ ಬರಬೇಕು. ಇದನ್ನು ಅಭ್ಯಾಸ ಮಾಡಿಸದಿದ್ದರೆ "ಏಯ್, ನಿಲ್ಲು, ಎಳಿ" ಎಂಬ ಕೂಗು ಮಂಚದ ಬಳಿಯಿಂದಲೇ ಏಳುತ್ತದೆ. ನಿಲ್ಲುವ ಜಾಗದಲ್ಲಿ ಮಂಚಕ್ಕೆ ಆಸರೆಯಾಗಿ ನಾಲ್ಕು ಕವೆಗೋಲು ಇರಲಿ, ಮಂಡಿಯೂರಿ ನೆಲಕ್ಕಿಳಿಸುವ ಕಷ್ಟ ತಪ್ಪುತ್ತದೆ. ಗರಿಗಳ ಭಾನುವಾರಕ್ಕೆ (ಪಾಸ್ಖದ ಹಿಂದಿನ ಭಾನುವಾರ) ಎರಡು ದಿನ ಮುಂಚಿನ ಶುಕ್ರವಾರ ಒಂದು ಪೂರ್ತಿ ಅಭ್ಯಾಸ ಮಾಡಿ. ಸ್ವರೂಪದ ಬದಲು ಅಷ್ಟೇ ತೂಕದ ಅಕ್ಕಿ ಮೂಟೆ ಹೇರಿ, ಅದೇ ದಾರಿಯಲ್ಲಿ, ಅದೇ ಹೊತ್ತಿಗೆ. ಆ ಶುಕ್ರವಾರ ಹಿಂದೆ ವ್ಯಾಕುಲ ಮಾತೆಯ ಸ್ಮರಣೆಯ ದಿನವೂ ಆಗಿತ್ತು, ಈಗ ಅವರ ಹಬ್ಬ ಸೆಪ್ಟೆಂಬರ್ 15ಕ್ಕೆ ಬರುತ್ತದೆ. ಆ ನೆನಪಿನಲ್ಲಿ ಅಭ್ಯಾಸವನ್ನೂ ಒಂದು ಪ್ರಾರ್ಥನೆಯಿಂದ ಶುರು ಮಾಡುವುದು ಚೆಂದ.

ಹೊರುವವರು ಅಂದು ಉಪವಾಸದಲ್ಲಿರುತ್ತಾರೆ ಎಂಬುದನ್ನು ಸಂಘಟಕರು ಮರೆತುಬಿಡುತ್ತಾರೆ. ಧರ್ಮಸಭೆಯ ನಿಯಮದಂತೆ ಹದಿನೆಂಟು ತುಂಬಿದವರಿಂದ ಐವತ್ತೊಂಬತ್ತು ತುಂಬುವವರೆಗಿನವರಿಗೆ ಉಪವಾಸ. ಆದರೆ ಒಂದು ಪೂರ್ತಿ ಊಟಕ್ಕೆ, ಮೇಲೆ ಅಲ್ಪಸ್ವಲ್ಪ ಆಹಾರಕ್ಕೆ ಅವಕಾಶವಿದೆ. ಹೊರುವವರು ಆ ಅಲ್ಪ ಆಹಾರವನ್ನು ಐದು ಗಂಟೆಗೆ ತೆಗೆದುಕೊಳ್ಳಲಿ, ನೀರು ಕುಡಿದು ಬರಲಿ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರನ್ನು ಆ ಪಟ್ಟಿಗೆ ಸೇರಿಸಬೇಡಿ, ಅವರು ಎಷ್ಟೇ ಆಸೆಪಟ್ಟರೂ. ಹೆಗಲ ಮೇಲೆ ಪ್ರಭುವಿರುವಾಗ ಒಬ್ಬರು ತಲೆಸುತ್ತಿ ಬಿದ್ದರೆ ಉಳಿದ ಏಳು ಜನರಿಗೂ ಅಪಾಯ.

ಬ್ಯಾಂಡಿನ ಪ್ರಶ್ನೆಗೆ ಬರೋಣ. ಪವಿತ್ರ ಗುರುವಾರದ ಮಹಿಮಾ ಗೀತೆಯಿಂದ ಪಾಸ್ಖ ಜಾಗರಣೆಯ, ಅಂದರೆ ಶನಿವಾರ ರಾತ್ರಿಯ ಪೂಜೆಯ, ಮಹಿಮಾ ಗೀತೆಯವರೆಗೆ ಗಂಟೆ ಬಾರಿಸುವಂತಿಲ್ಲ, ವಾದ್ಯವನ್ನು ಹಾಡಿಗೆ ಆಧಾರವಾಗಿ ಮಾತ್ರ ಬಳಸಬೇಕು. ಇದು ದೇವಾಲಯದೊಳಗಿನ ಆಚರಣೆಗೆ ಹೇಳಿದ ಮಾತಾದರೂ ಬೀದಿಯ ಮೆರವಣಿಗೆ ಅದರ ಭಾವಕ್ಕೆ ಹೊಂದಬೇಡವೇ? ಸೆವಿಲ್ಲೆಯ ಎಷ್ಟೋ ಸಂಘಗಳು ಬ್ಯಾಂಡಿನೊಂದಿಗೆ ನಡೆಯುತ್ತವೆ ನಿಜ, ಆದರೆ 'ಮೌನ' ಸಂಘದ ಜೊತೆಗಿರುವುದು ಓಬೋ, ಕ್ಲಾರಿನೆಟ್, ಬಸೂನ್ ಮಾತ್ರ. ನಿಮ್ಮಲ್ಲಿ ಬ್ಯಾಂಡ್ ಬೇಡ ಎಂದೇ ನನ್ನ ಸಲಹೆ. ನಿಲ್ಲುವುದಕ್ಕೂ ಹೊರಡುವುದಕ್ಕೂ ಸಂಜ್ಞೆಯಾಗಿ ಗಂಟೆಯಾಗಲಿ ಸೀಟಿಯಾಗಲಿ ಬೇಡ. ಒಂದು ದಪ್ಪ ಹಲಗೆಗೆ ಮರದ ಕೊಡತಿಯಿಂದ ಬಡಿಯಿರಿ: ಒಂದು ಏಟು ನಿಲ್ಲಲು, ಎರಡು ಎತ್ತಲು, ಮೂರು ನಡೆಯಲು. ಕೊನೆಯಲ್ಲಿರುವ ಹಿರಿಯರ ಬಳಿಯೂ ಒಂದು ಹಲಗೆ ಇದ್ದು ಅವರು ಅದನ್ನೇ ಮರುಬಡಿದರೆ 250 ಮೀಟರ್ ಉದ್ದಕ್ಕೂ ಸುದ್ದಿ ಮುಟ್ಟುತ್ತದೆ. ಈ ಮೂರು ಸಂಜ್ಞೆಗಳನ್ನು ಗರಿಗಳ ಭಾನುವಾರವೇ ಜನರಿಗೆ ತಿಳಿಸಿಬಿಡಿ.

ನಡೆಯುವಾಗ ಜಪಸರವನ್ನು ಮೈಕಿನಲ್ಲಿ ಹೇಳಿಸುವುದು ನಮ್ಮಲ್ಲಿ ಬಲವಾದ ರೂಢಿ. ಇದು ಕೆಡುವುದಕ್ಕೆ ಕಾರಣ ಸದ್ದಿನ ವೇಗವೇ. ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಹೋಗುತ್ತದೆ. ಮುಂದಿನ ಸ್ಪೀಕರಿನ ಮಾತು 250 ಮೀಟರ್ ಹಿಂದಿರುವವರಿಗೆ ಮುಟ್ಟಲು ಮುಕ್ಕಾಲು ಸೆಕೆಂಡ್ ಬೇಕು. ಅವರು ಉತ್ತರ ಹೇಳುವಷ್ಟರಲ್ಲಿ ಮುಂದಿನವರು ಇನ್ನೊಂದು "ನಮೋ ಮರಿಯಾ"ಗೆ ಹೊರಟಿರುತ್ತಾರೆ. ನಡುವೆ ಎರಡನೆಯ ಸ್ಪೀಕರ್ ಇಟ್ಟರೆ ಒಂದೇ ಮಾತು ಎರಡು ಸಲ ಕೇಳಿ ಪದಗಳು ಕಲಸಿಹೋಗುತ್ತವೆ. ಸದ್ದು ಹೆಚ್ಚಿಸಿದರೆ ಇದು ಸರಿಹೋಗುವುದಿಲ್ಲ. ಪ್ರಾರ್ಥನೆಯನ್ನು ನಿಲ್ಲುವ ಜಾಗಗಳಿಗೆ ಒಯ್ಯಿರಿ, ನಡೆಯುವಾಗ ಪೂರ್ತಿ ಮೌನವಿರಲಿ. ಪ್ರತಿ ಐವತ್ತು ಜನಕ್ಕೊಬ್ಬ ಉಪದೇಶಿ ಅಥವಾ ಹಿರಿಯರು ನಿಂತಲ್ಲೇ ಮೈಕಿಲ್ಲದೆ ಹೇಳಿಸಲಿ. ಅವರ ಕೈಯಲ್ಲಿ ಒಂದೇ ಹಾಳೆ, ಅದರಲ್ಲಿ ನಾಲ್ಕು ತಂಗುವಿಕೆಗೂ ಬೇಕಾದ ಪಠ್ಯ.

ಪಠ್ಯಕ್ಕೆ ಮಾತೆಯ ಏಳು ವ್ಯಾಕುಲಗಳು ಚೆನ್ನಾಗಿ ಹೊಂದುತ್ತವೆ: ಸಿಮೆಯೋನನ ಪ್ರವಾದನೆ, ಈಜಿಪ್ಟಿಗೆ ಪಲಾಯನ, ದೇವಾಲಯದಲ್ಲಿ ಬಾಲಯೇಸು ಕಾಣೆಯಾದದ್ದು, ಶಿಲುಬೆಯ ಹಾದಿಯಲ್ಲಿ ಭೇಟಿ, ಶಿಲುಬೆಯಡಿ ನಿಂತದ್ದು, ದೇಹವನ್ನು ಮಡಿಲಿಗೆ ಇಳಿಸಿದ್ದು, ಸಮಾಧಿ. ಪೂರ್ತಿ ವ್ಯಾಕುಲ ಜಪಸರದಲ್ಲಿ ಒಂದೊಂದು ವ್ಯಾಕುಲಕ್ಕೆ ಒಂದು ಪರಲೋಕ ಮಂತ್ರ, ಏಳು ನಮೋ ಮರಿಯಾ. ಕೊನೆಗೆ ಇನ್ನೂ ಮೂರು. ಬೀದಿಯಲ್ಲಿ ಅಷ್ಟೂ ಹೇಳಿದರೆ ನಾಲ್ಕು ನಿಮಿಷದ ತಂಗುವಿಕೆ ಹತ್ತಾಗುತ್ತದೆ. ಮೊದಲ ಮೂರನ್ನು ಹೊರಡುವ ಮುನ್ನ ದೇವಾಲಯದಲ್ಲೇ ಹೇಳಿ, ಉಳಿದ ನಾಲ್ಕನ್ನು ನಾಲ್ಕು ತಂಗುವಿಕೆಗೆ ಹಂಚಿ. ಒಂದು ಚಿಕ್ಕ ವಾಚನ, ಎರಡು ನಿಮಿಷ ಮೌನ, ಮೂರು ನಮೋ ಮರಿಯಾ, ಒಂದು ಚರಣ ಹಾಡು. ವಾಚನಕ್ಕಿಂತ ಮೌನ ಚಿಕ್ಕದಾಗದಂತೆ ನೋಡಿಕೊಳ್ಳಿ. ಜನ ಚಡಪಡಿಸುತ್ತಾರೆಂಬ ಭಯದಿಂದ ಹೇಳಿಸುವವರು ಆ ಎರಡು ನಿಮಿಷವನ್ನು ಇಪ್ಪತ್ತು ಸೆಕೆಂಡಿಗೆ ಇಳಿಸಿಬಿಡುತ್ತಾರೆ. ಗಡಿಯಾರ ನೋಡಲಿ.

ನಡೆಯಲಾಗದವರನ್ನು ಕುರ್ಚಿ ಹಾಕಿ ಬೀದಿಬದಿ ಕೂರಿಸುವುದಕ್ಕಿಂತ ಅದೇ ಹೊತ್ತಿಗೆ ದೇವಾಲಯದೊಳಗೆ ಅವರಿಗಾಗಿ ಶಿಲುಬೆ ಹಾದಿ ಮಾಡಿಸಿ. ಹದಿನಾಲ್ಕು ಶಿಲುಬೆಗಳಿದ್ದು, ನಡೆಸುವವರೊಬ್ಬರು ಸ್ಥಳದಿಂದ ಸ್ಥಳಕ್ಕೆ ಹೋದರೆ ಉಳಿದವರು ಕುಳಿತಲ್ಲೇ ಪಾಲ್ಗೊಂಡರೂ ಅದಕ್ಕೆ ಪೂರ್ತಿ ಮಾನ್ಯತೆ ಇದೆ. ಪಾಡುಗಳ ನಾಟಕ ಮಾಡುವ ಯುವಕರಿಗೆ ಬೆಳಗಿನ ಹೊತ್ತು ಕೊಡಿ. ಚಾಟಿ, ಕೂಗು, ಸೈನಿಕರ ವೇಷ ಸಂಜೆಯ ಸಾಲಿನ ನಡುವೆ ಬರುವುದು ಬೇಡ.

ಮೇಣದಬತ್ತಿಯ ವಿಷಯದಲ್ಲಿ ಆಗುವ ಅನಾಹುತಗಳು ಹೆಚ್ಚಾಗಿ ಬಟ್ಟೆಗೆ ಸಂಬಂಧಿಸಿದವು. ಕಿರುಬೆರಳು ದಪ್ಪದ ಆರಿಂಚಿನ ಬತ್ತಿ ಗಾಳಿಯಿಲ್ಲದಿದ್ದರೆ ಎರಡು ಗಂಟೆ ಉರಿಯುತ್ತದೆ, ಗಾಳಿಗೆ ಬೇಗ ಕರಗಿ ಕೈಮೇಲೆ ಸುರಿಯುತ್ತದೆ. ನಾಲ್ಕಿಂಚು ಅಗಲದ ದಪ್ಪ ರಟ್ಟಿನ ಬಿಲ್ಲೆಗೆ ತೂತು ಕೊರೆದು ಜ್ವಾಲೆಯಿಂದ ಮೂರಿಂಚು ಕೆಳಗೆ ಸಿಕ್ಕಿಸಿ, ಬತ್ತಿ ಕರಗಿದಂತೆ ಕೆಳಗೆ ಸರಿಸುತ್ತ ಹೋಗಲು ಹೇಳಿ. ಕಾಗದದ ಲೋಟದೊಳಗೆ ಬತ್ತಿ ನಿಲ್ಲಿಸುವುದು ಗಾಳಿಗೆ ಒಳ್ಳೆಯದೆನಿಸಿದರೂ ಜ್ವಾಲೆ ಅಂಚಿಗಿಂತ ಕೆಳಗಿಳಿದಾಗ ಲೋಟವೇ ಹೊತ್ತಿಕೊಳ್ಳುತ್ತದೆ. ಬತ್ತಿ ಯಾವಾಗಲೂ ರಸ್ತೆಯ ನಡುವಿನ ಖಾಲಿ ಜಾಗದ ಕಡೆಯ ಕೈಯಲ್ಲಿರಬೇಕು. ಸೀರೆಯ ಸೆರಗು ಎಡ ಹೆಗಲ ಮೇಲಿರುವುದರಿಂದ ಹೆಂಗಸರು ರಸ್ತೆಯ ಎಡ ಸಾಲಿನಲ್ಲಿ ನಡೆದರೆ ಬತ್ತಿ ಬಲಗೈಯಲ್ಲಿ, ಸೆರಗಿನಿಂದ ದೂರ. ಹತ್ತು ವರ್ಷದೊಳಗಿನ ಮಕ್ಕಳಿಗೆ ಬೆಂಕಿಯ ಬತ್ತಿ ಕೊಡಬೇಡಿ.

ಪೊಲೀಸ್ ಠಾಣೆಗೆ ದಾರಿಯ ನಕ್ಷೆ, ಹೊರಡುವ ಮತ್ತು ಮುಗಿಯುವ ಸಮಯ, ಅಂದಾಜು ಜನಸಂಖ್ಯೆ ಬರೆದು ಎರಡು ವಾರ ಮೊದಲೇ ಅರ್ಜಿ ಕೊಡಿ. ಧ್ವನಿವರ್ಧಕ ಬಳಸುವುದಿದ್ದರೆ ಅದಕ್ಕೆ ಬೇರೆ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅದು ನಿಷಿದ್ಧ, ಆಸ್ಪತ್ರೆಯ ಸುತ್ತಲಿನ ನಿಶ್ಶಬ್ದ ವಲಯಕ್ಕೂ ನಿರ್ಬಂಧವಿದೆ. ಮೈಕ್ ಬಿಟ್ಟರೆ ಈ ತಲೆನೋವೂ ಬಿಟ್ಟಿತು.

ದಾರಿಯಲ್ಲಿ ತಲೆಯೆತ್ತಿ ನೋಡಿ: ಕೇಬಲ್ ಟಿವಿ ತಂತಿ ಎಲ್ಲೆಲ್ಲಿ ಜೋತಿದೆ, ವಿದ್ಯುತ್ ತಂತಿ ಎಷ್ಟು ಕೆಳಗಿದೆ. ಹೊತ್ತ ಸ್ವರೂಪ, ಅದರ ಮೇಲಿನ ಮಂಟಪ, ಶಿಲುಬೆ ಯಾವುದೂ ನೆಲದಿಂದ ಹತ್ತಡಿ ಮೀರದಿರಲಿ. ಕಬ್ಬಿಣದ ಕೊಳವೆಯ ಶಿಲುಬೆ ಬೇಡವೇ ಬೇಡ. ಅನುಮಾನವಿದ್ದ ಕಡೆ ನೀವೇ ಕೋಲಿನಿಂದ ಅಳೆಯಲು ಹೋಗದೆ ವಿದ್ಯುತ್ ಕಚೇರಿಯವರನ್ನು ಕರೆಸಿ. ಕತ್ತಲ ಓಣಿಗಳನ್ನು ದಾರಿಗೆ ಸೇರಿಸಬೇಡಿ. 2000ದ ಶುಭ ಶುಕ್ರವಾರದ ಬೆಳಗಿನ ಜಾವ ಸೆವಿಲ್ಲೆಯಲ್ಲಿ ಜನ ಹಠಾತ್ತನೆ ಗಾಬರಿಬಿದ್ದು ಓಡಿ ನೂಕುನುಗ್ಗಲಾಯಿತು, 2017ರಲ್ಲಿ ಮತ್ತೆ ಆಯಿತು. ಮೌನದಲ್ಲಿರುವ ಗುಂಪಿಗೆ ಒಂದು ಸಣ್ಣ ಕಿರುಚು ಕೂಡ ದೊಡ್ಡದಾಗಿ ಕೇಳುತ್ತದೆ. ಪ್ರತಿ ಐವತ್ತು ಮೀಟರಿಗೆ ಟಾರ್ಚ್ ಹಿಡಿದ ಒಬ್ಬ ಸ್ವಯಂಸೇವಕ ಇರಲಿ, ಯಾರಾದರೂ ಓಡಿದರೆ "ನಿಂತಲ್ಲೇ ಕೂತುಕೊಳ್ಳಿ" ಎಂದು ಹೇಳಲು ಅವರಿಗೆ ಕಲಿಸಿ.

ಏಪ್ರಿಲ್ ಸಂಜೆಗಳಲ್ಲಿ ಗುಡುಗುಮಳೆ ಅಪರೂಪವಲ್ಲ. ಆರು ಗಂಟೆಗೆ ಆಕಾಶ ನೋಡಿ ಒಬ್ಬರೇ, ಗುರುಗಳೇ, ತೀರ್ಮಾನ ಹೇಳಲಿ. ಮಳೆ ಬರುವಂತಿದ್ದರೆ ಹೊರಡಬೇಡಿ, ದೇವಾಲಯದೊಳಗೇ ಸಾಲು ಕಟ್ಟಿ ನಾಲ್ಕು ಮೂಲೆಗಳಲ್ಲಿ ತಂಗಿ ಮುಗಿಸಿ. ವರ್ಷವಿಡೀ ತಯಾರಾದ ಸೆವಿಲ್ಲೆಯ ಸಂಘಗಳೂ ಮಳೆಗೆ ಕಣ್ಣೀರಿಟ್ಟು ಬಾಗಿಲು ಮುಚ್ಚುವುದುಂಟು. ಹಳೆಯ ಮರದ ಸ್ವರೂಪದ ಬಣ್ಣಕ್ಕೆ ನೀರು ತಗುಲಿದರೆ ಅದನ್ನು ಸರಿಪಡಿಸುವುದು ಸುಲಭವಲ್ಲ.

ಮರಳಿ ಬಂದ ಮೇಲೆ ವಂದನಾರ್ಪಣೆ, ಜಾಗರಣೆಯ ಸಮಯದ ಪ್ರಕಟಣೆ, ಭಾಷಣ ಯಾವುದೂ ಬೇಡ. ಅವೆಲ್ಲ ದೇವಾಲಯದ ಬಾಗಿಲಲ್ಲಿ ಒಂದು ಹಾಳೆಯ ಮೇಲೆ ಇರಲಿ. ಗುರುಗಳ ಒಂದು ಚಿಕ್ಕ ಪ್ರಾರ್ಥನೆ, ನಂತರ ಸ್ವರೂಪದ ಪಾದ ಮುಟ್ಟಿ ನಮಸ್ಕರಿಸುವುದು. ಒಬ್ಬರಿಗೆ ನಾಲ್ಕು ಸೆಕೆಂಡ್ ಎಂದರೂ ಐನೂರು ಜನಕ್ಕೆ ಒಂದೇ ಸಾಲಾದರೆ ಅರ್ಧ ಗಂಟೆ ಮೀರುತ್ತದೆ, ಮಂಚದ ಎರಡೂ ಬದಿಗೆ ಸಾಲು ಬಿಟ್ಟರೆ ಅರ್ಧಕ್ಕೆ ಇಳಿಯುತ್ತದೆ. ಮೃತ ಯೇಸುವಿನ ಸ್ವರೂಪವನ್ನೂ ವ್ಯಾಕುಲ ಮಾತೆಯನ್ನೂ ಪವಿತ್ರ ಶನಿವಾರ ಜನರ ದರ್ಶನಕ್ಕೆ ದೇವಾಲಯದಲ್ಲಿಡಲು 1988ರ ಅದೇ ಸುತ್ತೋಲೆ ಅವಕಾಶ ಕೊಡುತ್ತದೆ. ಆದ್ದರಿಂದ ರಾತ್ರಿಯೇ ಎಲ್ಲರೂ ಮುಟ್ಟಲೇಬೇಕೆಂದು ಅವಸರಪಡಬೇಕಿಲ್ಲ. ಜಾಗರಣೆಯ ಅಲಂಕಾರ ಶುರುವಾಗುವ ಮೊದಲು ಸ್ವರೂಪಗಳನ್ನು ತೆಗೆದಿಟ್ಟರೆ ಸಾಕು. ಶನಿವಾರ ಬೆಳಿಗ್ಗೆ ವಾಹನ ಓಡಾಟ ಹೆಚ್ಚುವ ಮುನ್ನ ನಾಲ್ಕೈದು ಯುವಕರು ಕರಣೆ ಹಿಡಿದು ರಸ್ತೆಗೆ ಬಿದ್ದ ಮೇಣವನ್ನು ಕೆರೆದು, ತಿರುವುಗಳಲ್ಲಿ ಮರಳು ಹಾಕಿ ಗುಡಿಸಲಿ. ಮೇಣದ ಮೇಲೆ ಬೈಕು ಜಾರುತ್ತದೆ.